ಬುಟ್ಕಂಡು ಬರೋದು

ಗಾಡಿ ಕೆಟ್ಟು ಬಂದಾಗ ರಾಧಾಮಣಿ ಮೊದಲು ಸ್ಪ್ಯಾನರ್ ಮುಟ್ಟುವವಳಲ್ಲ. ಓಡಿಸಿದವನನ್ನು ಹಳೆ ಟೈರಿನ ಮೇಲೆ ಕೂರಿಸಿ, ಕೈಗೊಂದು ಲೋಟ ಟೀ ಕೊಟ್ಟು, ಹೇಳಿ ಎನ್ನುತ್ತಾಳೆ. ಎಲ್ಲೆಲ್ಲಿ ಓಡಾಡುತ್ತೀರಿ, ಎಷ್ಟು ದೂರ ಹೋದ ಮೇಲೆ ಜಗ್ಗುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ, ಬೆಳಗಿನ ತಂಪಿನಲ್ಲೋ ಮಧ್ಯಾಹ್ನದ ಬಿಸಿಲಿನಲ್ಲೋ. ಕಾರು ಸುಳ್ಳು ಹೇಳುವುದಿಲ್ಲ, ಓಡಿಸುವವನು ಹೇಳುತ್ತಾನೆ. ಆದರೆ ಸುಳ್ಳು ಹೇಳುವವನ ಬಾಯಿಂದಲೂ ಎಲ್ಲೋ ಒಂದು ಕಡೆ ನಿಜ ಜಾರಿ ಬೀಳುತ್ತದೆ, ಅದನ್ನು ಹಿಡಿದುಕೊಂಡರೆ ಅರ್ಧ ರಿಪೇರಿ ಆದಂತೆ. ಇದು ಅವಳಿಗೆ ಕೆಲಸ ಕಲಿಸಿದ ಮುತ್ತುರಾಜನ ಪಾಠ. ಶಿರಾದ ಹೆದ್ದಾರಿ ಪಕ್ಕದ ಆ ಗ್ಯಾರೇಜಿನಲ್ಲಿ ಮುತ್ತುರಾಜನನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಸ್ಪ್ಯಾನರ್ ಹಿಡಿದು ತಲೆ ನರೆತವರೆಲ್ಲ ಶಿರಾದಲ್ಲಿ ಉಸ್ತಾದರೇ, ಜಾತಿ ಯಾವುದಾದರೇನು.

ಆ ಫೆಬ್ರವರಿಯ ಬೆಳಗ್ಗೆ ಟೈರಿನ ಮೇಲೆ ಕೂತಿದ್ದವನು ಅವಳ ಅಪ್ಪ ಕದರಪ್ಪ.

ಎದುರಿಗೆ ನಿಂತಿದ್ದದ್ದು ನೀಲಿ ಬಣ್ಣದ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂತಿದ್ದ ಒಂದು ಜರ್ಮನ್ ಕಾರು. ಮುನ್ನೂರು ಕುದುರೆಯ ಶಕ್ತಿ, ಎಂಟು ಗೇರಿನ ಆಟೋಮ್ಯಾಟಿಕ್. ಬೆಂಗಳೂರಿನಲ್ಲಿ ಯಾರೋ ಶೋಕಿಗೆ ಏಳು ವರ್ಷ ಸಾಕಿ, ಬೇಸರವಾಗಿ ಮಾರಿದ್ದನ್ನು ಮಧುಗಿರಿಯ ನಂದೀಶ್ವರಯ್ಯನವರು ಕೊಂಡು ಎಂಟು ತಿಂಗಳಾಗಿತ್ತು. ಅವರಿಗೆ ಮಧುಗಿರಿಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ, ಪಾವಗಡದ ಸೋಲಾರ್ ಪಾರ್ಕಿಗೆ ತಂತಿಬೇಲಿ ಹಾಕಿಸುವ ಕಂಟ್ರಾಕ್ಟು, ಅದಕ್ಕಾಗಿ ವಾರಕ್ಕೆರಡು ಸಲ ಪಾರ್ಕಿನ ಪಕ್ಕದ ಬಲಸಮುದ್ರಕ್ಕೆ ಓಡಾಟ. ಆ ರಸ್ತೆಯಲ್ಲಿ ಮೇಕೆಗಳು ಅಡ್ಡ ಬರುತ್ತವೆ, ಕಡ್ಲೆಕಾಯಿ ತುಂಬಿದ ಟ್ರ್ಯಾಕ್ಟರುಗಳು ಅಡ್ಡ ಬರುತ್ತವೆ. ಮುನ್ನೂರು ಕುದುರೆಗೆ ಅಲ್ಲೇನು ಕೆಲಸವೋ ಆ ಶಿವನೇ ಬಲ್ಲ. ಆಸೆಗೆ ರಸ್ತೆಯ ಅಗಲ ಗೊತ್ತಾಗುವುದಿಲ್ಲ.

ಎರಡು ತಿಂಗಳಿಂದ ಕಾರು ಸರಿಯಿರಲಿಲ್ಲ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಇಂಜಿನ್ ಸುಮ್ಮನೆ ಕೂಗಿಕೊಂಡು ಆಮೇಲೆ ಧಡ್ ಎಂದು ಹಿಡಿಯುತ್ತಿತ್ತು. ಒಂದೊಂದು ಸಲ ಹಿಂದಿನಿಂದ ಯಾರೋ ಒದ್ದಂತೆ ಜಗ್ಗುತ್ತಿತ್ತು. ಹಿಂದಿನ ದಿನವಂತೂ ಪಾವಗಡದ ಬಸ್ ನಿಲ್ದಾಣದ ಮುಂದೆ ಗೇರ್ ದೋಷವೆಂದು ಕೆಂಪು ಅಕ್ಷರ ತೋರಿಸಿ, ಒಂದೇ ಗೇರಿನಲ್ಲಿ ಕೂತುಬಿಟ್ಟಿತ್ತು. ಜನ ಸೇರಿ, ನಕ್ಕು, ಕನ್ನಡ ತೆಲುಗು ಎರಡರಲ್ಲೂ ಸಲಹೆ ಕೊಟ್ಟಿದ್ದರು. ನಂದೀಶ್ವರಯ್ಯನವರಿಗೆ ಕಾರು ನಿಂತದ್ದಕ್ಕಿಂತ ಆ ನಗು ಹೆಚ್ಚು ಉರಿದಿತ್ತು. ಅವರು ಮುತ್ತುರಾಜನಿಗೆ ಎಲ್ಲರೆದುರಿಗೇ ಹೇಳಿದರು.

"ಎರಡರಲ್ಲಿ ಒಂದು ಹೇಳ್ಬಿಡಿ ಉಸ್ತಾದ್. ತಪ್ಪು ಕಾರಿಂದಾದ್ರೆ ರಿಪೇರಿ ಮಾಡಿಸ್ತೀನಿ. ಓಡಿಸೋನ್ದಾದ್ರೆ ಓಡಿಸೋನ್ನ ಬದಲಾಯಿಸ್ತೀನಿ."

ಕದರಪ್ಪ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಅವನಿಗೆ ಐವತ್ತೆಂಟು. ಮೂವತ್ತೊಂದು ವರ್ಷ ಲಾರಿ ಓಡಿಸಿದವನು. ಶಿರಾದ ಲಾರಿ ಆಫೀಸು ಮುಚ್ಚಿದ ಮೇಲೆ ಗೌಡಗೆರೆಯ ಮನೆಯ ಜಗಲಿಯಲ್ಲಿ ಮೂರು ವರ್ಷ ಕೂತು, ಹೋಗಿ ಬರುವ ಬಸ್ಸುಗಳ ಗೇರಿನ ಸದ್ದು ಕೇಳಿ ಡ್ರೈವರುಗಳನ್ನು ಬೈಯುತ್ತಿದ್ದ. ಹೆಂಡತಿ ಪಟಾಲಮ್ಮ ತೀರಿಕೊಂಡ ಮೇಲೆ ಬೈಯುವುದನ್ನೂ ಬಿಟ್ಟ, ಸರಿಯಾಗಿ ಉಣ್ಣುವುದನ್ನೂ ಬಿಟ್ಟ. ಅಪ್ಪ ಹೀಗೇ ಕೂತು ಕೂತು ಹೋಗಿಬಿಡುತ್ತಾನೆ ಎಂದು ರಾಧಾಮಣಿ ಹೆದರಿದ್ದಳು. ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಈ ಕಾರು ಓಡಿಸುವ ಕೆಲಸ. ನಂದೀಶ್ವರಯ್ಯನವರ ಹೆಂಡತಿ ದಾಕ್ಷಾಯಣಮ್ಮ ಮೊದಲ ದಿನವೇ ಅವನನ್ನು ನಡುಮನೆಯಲ್ಲಿ ಕೂರಿಸಿ, ಮನೆಯವರು ಉಣ್ಣುವ ತಟ್ಟೆಯಲ್ಲೇ ಬಡಿಸಿದ್ದರು. ಅಂಥ ಮನೆಗಳ ಹಿತ್ತಲಲ್ಲಿ ಎಲೆ ಹಾಸಿಕೊಂಡು ಉಂಡು ಬೆಳೆದವನು ಕದರಪ್ಪ. ಆ ತಟ್ಟೆಯ ಸಮಾಚಾರವನ್ನು ಗೌಡಗೆರೆಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದ. ಅಂದಿನಿಂದ ಮತ್ತೆ ದಿನಾ ಕ್ಷೌರ, ಇಸ್ತ್ರಿ ಅಂಗಿ, ಮತ್ತೆ ಬಸ್ ಡ್ರೈವರುಗಳಿಗೆ ಬೈಗುಳ.

ರಾಧಾಮಣಿ ಬೇರೆಯವರನ್ನು ಕೇಳುವಂತೆಯೇ ಅಪ್ಪನನ್ನೂ ಕೇಳಿದಳು. ಏರಿನಲ್ಲಿ ಚೆನ್ನಾಗಿ ಎಳೆಯುತ್ತದೆ ಎಂದ. ಸಮತಟ್ಟಿನಲ್ಲಿ ಒಂದೊಂದು ಸಲ ಒದೆಯುತ್ತದೆ ಎಂದ. ಇಳಿಜಾರಿನಲ್ಲಿ ಹೇಗೆ ಎಂದಳು.

"ಇಳಿಜಾರಲ್ಲೇನವ್ವ, ಬುಟ್ಕಂಡು ಬತ್ತೀನಿ."

ಮುತ್ತುರಾಜ ತಲೆಯಾಡಿಸಿದ. ಅವನು ಬೆಂಗಳೂರಿನ ಕಾರುಗಳ ನಡುವೆ ಬೆಳೆದವನು, ಲಾರಿಯ ಸಹವಾಸ ಕಂಡವನಲ್ಲ. ನಂದೀಶ್ವರಯ್ಯನವರೂ ತಲೆಯಾಡಿಸಿ, ಅದು ಮಾತ್ರ ನಿಜ, ಇಳಿಜಾರಿನಲ್ಲಿ ಸದ್ದೇ ಇಲ್ಲದ ಹಾಗೆ ಬಿಟ್ಟುಕೊಂಡು ಬರುತ್ತಾನೆ ಎಂದರು. ಗಾಡಿ ಬಿಟ್ಟುಕೊಂಡು ಬರುವುದೆಂದರೆ ಅವರಿಗೆ ಓಡಿಸಿಕೊಂಡು ಬರುವುದು. ಮಧುಗಿರಿ ಕೊರಟಗೆರೆಯಲ್ಲಿ ಯಾರನ್ನು ಕೇಳಿದರೂ ಅಷ್ಟೇ ಹೇಳುತ್ತಾರೆ.

ಕದರಪ್ಪನ ಲಾರಿ ಆಫೀಸಿನಲ್ಲಿ ಆ ಮಾತಿಗೆ ಅರ್ಥವೇ ಬೇರೆ. ಇಳಿಜಾರು ಸಿಕ್ಕ ಕೂಡಲೇ ಗೇರ್ ತೆಗೆದು ನ್ಯೂಟ್ರಲ್‌ಗೆ ತಂದು, ಲಾರಿಯನ್ನು ಅದರ ಭಾರಕ್ಕೇ ಉರುಳಲು ಬಿಡುವುದು, ಅದೇ ಬುಟ್ಕಂಡು ಬರೋದು. ಡೀಸೆಲ್ ಉಳಿಯುತ್ತದೆ. ಯಾವ ದಿಣ್ಣೆಯ ಮೇಲೆ ಬಿಟ್ಟರೆ ಯಾವ ಸೇತುವೆಯವರೆಗೆ ಉರುಳುತ್ತದೆ ಎಂಬುದು ಅವರಿಗೆಲ್ಲ ಬಾಯಿಪಾಠ. ಅದರಲ್ಲಿ ಕದರಪ್ಪನನ್ನು ಮೀರಿಸಿದವರಿರಲಿಲ್ಲ. ಅತಿ ಹೆಚ್ಚು ಡೀಸೆಲ್ ಉಳಿಸಿದ ಡ್ರೈವರ್ ಎಂದು ಆಫೀಸಿನವರು ಕೊಟ್ಟ ಗೋಡೆ ಗಡಿಯಾರ ಗೌಡಗೆರೆಯ ಮನೆಯಲ್ಲಿ ಬುದ್ಧನ ಪಟದ ಪಕ್ಕದಲ್ಲಿದೆ. ಅದು ನಿಂತು ಹತ್ತು ವರ್ಷವಾದರೂ ಇಳಿಸಿಲ್ಲ.

ರಾಧಾಮಣಿ ಏಳು ವರ್ಷದವಳಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಲಾರಿಯಲ್ಲಿ ಹೋಗುತ್ತಿದ್ದಳು. ಕೊರಟಗೆರೆ ದಾಟಿ ಕಾಡಿನ ನಡುವೆ ಎಮ್ಮೆಬಂಡೆ ಇಳಿಜಾರು ಬಂದಾಗ ಅಪ್ಪ ಕ್ಲಚ್ ತುಳಿದು, ಈಗ ಬುಡವ್ವ ಎನ್ನುತ್ತಿದ್ದ. ಅವಳು ಎರಡೂ ಕೈಯಲ್ಲಿ ಗೇರಿನ ಕೋಲನ್ನು ಎಳೆದು ನಡುವಿಗೆ ತರುತ್ತಿದ್ದಳು. ಇಂಜಿನ್ನಿನ ಅಬ್ಬರ ಥಟ್ಟನೆ ಇಳಿದು, ಗಾಳಿಯ ಸದ್ದು ಮಾತ್ರ ಉಳಿಯುತ್ತಿತ್ತು. ಗೇರ್ ಎಂಬ ವಸ್ತುವನ್ನು ಅವಳು ಮೊಟ್ಟಮೊದಲು ಮುಟ್ಟಿದ್ದು ಹಾಗೆ. ಅದರಿಂದಲೇ ಅವಳು ಈ ಕೆಲಸಕ್ಕೆ ಬಂದಳು ಎಂದರೂ ತಪ್ಪಾಗದು.

ಈಗ ಆ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ರೋಗದ ಬೇರು ಹೊಳೆಯಿತು. ಲಾರಿಯ ಗೇರಿಗೆ ಸರಿಹೋದದ್ದು ಈ ಕಾರಿನ ಆಟೋಮ್ಯಾಟಿಕ್ ಗೇರ್ ಪೆಟ್ಟಿಗೆಗೆ ಸರಿಹೋಗುವುದಿಲ್ಲ. ಕಾರು ಎಪ್ಪತ್ತರಲ್ಲಿ ಉರುಳುತ್ತಿರುವಾಗ ಇಂಜಿನ್ ಮಾತ್ರ ತೂಕಡಿಸುತ್ತಿರುತ್ತದೆ. ಆಗ ಕೋಲನ್ನು ತಿರುಗಿ ಡ್ರೈವಿಗೆ, ಅಂದರೆ ಓಡುವ ಗೇರಿಗೆ, ತಳ್ಳಿದರೆ ಆ ವ್ಯತ್ಯಾಸವನ್ನೆಲ್ಲ ಒಳಗಿನ ತೆಳುವಾದ ಕ್ಲಚ್ ಪ್ಲೇಟುಗಳೇ ತಿನ್ನಬೇಕು. ಒಂದೊಂದು ಸಲಕ್ಕೂ ಒಂದಿಷ್ಟು ಸುಡುತ್ತವೆ. ಆದರೂ ಒಂದು ಮಾತು ಕೇಳಿ ತೀರ್ಪು ಕೊಡಬಾರದು. ಬೇರೆ ಏನಾದರೂ ಸಿಗಲಪ್ಪಾ ಎಂದು ಬೇಡಿಕೊಳ್ಳುತ್ತಲೇ ಅವಳು ಕಾರನ್ನು ಗೌಡಗೆರೆ ರಸ್ತೆಗೆ ತೆಗೆದುಕೊಂಡು ಹೋದಳು.

ತಣ್ಣಗಿದ್ದಾಗ ಕಾರು ಹಸುವಿನಂತೆ ನಡೆಯಿತು. ಹತ್ತು ಕಿಲೋಮೀಟರು ಕಳೆದು ಗೇರಿನ ಎಣ್ಣೆ ಬಿಸಿಯಾದದ್ದೇ ತನ್ನ ರೋಗ ತೋರಿಸಿತು. ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ನಿನ ಮುಳ್ಳು ಸರ್ರನೆ ಮೇಲೇರಿತು, ವೇಗದ ಮುಳ್ಳು ಇದ್ದಲ್ಲೇ ಇತ್ತು. ಪ್ಲೇಟು ಜಾರುತ್ತಿದೆ. ಎಣ್ಣೆ ಕಡಿಮೆಯಿದ್ದರೂ ಹೀಗೆ ಜಾರುತ್ತದೆ, ಅದು ಅವಳ ಮೊದಲ ಆಸೆ. ಈ ಕಾರುಗಳಲ್ಲಿ ಗೇರಿನ ಎಣ್ಣೆ ಅಳೆಯಲು ಕಡ್ಡಿಯೇ ಇರುವುದಿಲ್ಲ. ತಣ್ಣಗಾಗಲು ಬಿಟ್ಟು, ನಾಲ್ಕೂ ಚಕ್ರ ಸಮನಾಗಿ ಮೇಲೆತ್ತಿ, ಇಂಜಿನ್ ಓಡುತ್ತಿರುವಾಗಲೇ, ಎಣ್ಣೆ ನಲವತ್ತು ಡಿಗ್ರಿಯ ಹತ್ತಿರ ಬಂದಾಗ ಪಕ್ಕದ ಬಿರಡೆ ಬಿಚ್ಚಬೇಕು. ಸಣ್ಣ ಧಾರೆ ಹರಿದರೆ ಮಟ್ಟ ಸರಿ. ಅವಳು ಬಿಚ್ಚಿದಳು. ಸಣ್ಣ ಧಾರೆ ಹರಿಯಿತು. ಬಣ್ಣ ಮಾತ್ರ ಕಪ್ಪು, ವಾಸನೆ ಬಾಣಲೆಯಲ್ಲಿ ಸೀದ ಕಡ್ಲೆಕಾಯಿಯದು.

ಆಮೇಲೆ ಎಣ್ಣೆಯ ಒತ್ತಡ ನೋಡಿದಳು, ಸರಿಯಿತ್ತು. ವೈರುಗಳ ಜೋಡಣೆಯಲ್ಲಿ ತೇವವಿದೆಯೇ ನೋಡಿದಳು, ಒಣಗಿತ್ತು. ಕೆಳಗಿನ ತಟ್ಟೆ ಇಳಿಸಿದಾಗ ಅಯಸ್ಕಾಂತದ ಸುತ್ತ ಸುಟ್ಟ ಪ್ಲೇಟಿನ ಕಪ್ಪು ಚಕ್ಕೆಗಳು ಸಿಕ್ಕವು. ಕಡೆಗೆ ಸ್ಕ್ಯಾನರ್ ಚುಚ್ಚಿದಳು. ಗೇರ್ ಪೆಟ್ಟಿಗೆಯ ಕಂಪ್ಯೂಟರು ತಾನು ಏಟು ತಿಂದ ಪ್ರತಿ ಸಲವೂ ಆಗಿನ ವೇಗವನ್ನೂ ಗೇರಿನ ಕೋಲು ಎಲ್ಲಿತ್ತೆಂಬುದನ್ನೂ ನೆನಪಿಟ್ಟುಕೊಂಡಿರುತ್ತದೆ. ಅದರಲ್ಲಿ ಹನ್ನೊಂದು ನೆನಪುಗಳಿದ್ದವು. ಹನ್ನೊಂದರಲ್ಲೂ ವೇಗ ಎಪ್ಪತ್ತರ ಆಚೀಚೆ, ಕೋಲು ನ್ಯೂಟ್ರಲ್‌ನಿಂದ ಡ್ರೈವಿಗೆ. ಹನ್ನೊಂದಕ್ಕೂ ಕೈ ಒಂದೇ, ಚಾಳಿ ಒಂದೇ. ನಂದೀಶ್ವರಯ್ಯನವರಿಗೆ ಕಾರು ಬಂದ ದಿನದಿಂದ ಹಿಂದಕ್ಕೆ ಒಂದೂ ಇರಲಿಲ್ಲ.

ಸ್ಕ್ಯಾನರಿನ ಪರದೆ ನೋಡುತ್ತ ಅವಳು ಬಹಳ ಹೊತ್ತು ಕಾರಿನಲ್ಲೇ ಕೂತಳು. ಅಪ್ಪ ಹೊರಗೆ ತನ್ನ ಅಂಗಿಯ ತುದಿಯಿಂದ ಕಾರಿನ ಕನ್ನಡಿ ಒರೆಸುತ್ತಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ ದೊಡ್ಡವರು. ಒಂದು ಸುಳ್ಳು ಹೇಳಿ ಒಬ್ಬ ಮುದುಕನ ಊಟದ ತಟ್ಟೆ ಉಳಿಸಿದರೆ ಪಾಪವೇನು ಬಂತು ಎಂದುಕೊಂಡಳು. ಅಳಿಸಲೇ ಎಂದು ಯಂತ್ರ ಕೇಳಿತು. ರಿಪೇರಿ ಮುಗಿದ ಮೇಲೆ ಆ ನೆನಪನ್ನು ಎಲ್ಲ ಮೆಕ್ಯಾನಿಕ್ಕುಗಳೂ ಅಳಿಸುತ್ತಾರೆ. ರಾಧಾಮಣಿ ರಿಪೇರಿಗೆ ಮುಂಚೆಯೇ ಅಳಿಸಿದಳು.

ಹೊರಗೆ ಬಂದು, ಒಳಗಿನ ವಾಲ್ವುಗಳು ಸವೆದಿವೆ, ಗೇರು ತಾನಾಗಿಯೇ ನ್ಯೂಟ್ರಲ್‌ಗೆ ಬೀಳುತ್ತಿದೆ, ಹಳೆ ಕಾರಿನ ಹಳೆ ರೋಗ, ಓಡಿಸಿದವರದ್ದೇನೂ ಇಲ್ಲ ಎಂದಳು. ಮುತ್ತುರಾಜ ಅವಳ ಮಾತಿನ ಮೇಲೆ ಮಾತಾಡಲಿಲ್ಲ. ಹೆಣ್ಣುಮಗಳ ಕೈಗೆ ಸ್ಪ್ಯಾನರೇ ಎಂದು ಊರೆಲ್ಲ ನಕ್ಕಾಗ ಕೊಟ್ಟವನು ಅವನೊಬ್ಬನೇ. ಅವಳು ನೋಡಿದ ಮೇಲೆ ಮತ್ತೆ ನೋಡುವುದಿಲ್ಲ ಎಂಬುದು ಅವನ ಹೆಮ್ಮೆಯಾಗಿತ್ತು. ಇಪ್ಪತ್ತು ದಿನ ಹಿಡಿದು ಇಬ್ಬರೂ ಆ ಪೆಟ್ಟಿಗೆ ಬಿಚ್ಚಿ, ಪ್ಲೇಟು ಬದಲಾಯಿಸಿ, ವಾಲ್ವಿನ ಭಾಗವನ್ನೂ ಹೊಸದು ಹಾಕಿ ಕಟ್ಟಿದರು. ಕಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಗೇರು ಬದಲಿಸತೊಡಗಿತು. ಕದರಪ್ಪ ಕೈಮುಗಿದು, ನನ್ನ ಮಗಳು ಕಣ್ರೀ ಎಂದು ಗ್ಯಾರೇಜಿನಲ್ಲಿದ್ದವರಿಗೆಲ್ಲ ಹೇಳಿದ.

ಅಪ್ಪನಿಗಾದರೂ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ಆಮೇಲೆ ಸಾವಿರ ಸಲ ಕೇಳಿಕೊಂಡಳು. ಕದರಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಿನ್ನಿಂದ ಕಾರು ಸುಟ್ಟಿತು ಎಂದಿದ್ದರೆ, ಅಂದು ಸಂಜೆಯೊಳಗೆ ಸಾಹುಕಾರರ ಕಾಲ ಬಳಿ ಕೂತು ತಪ್ಪಾಯ್ತು ಬುದ್ಧಿ ಎನ್ನುತ್ತಿದ್ದ. ಅವನ ಒಳ್ಳೆಯತನವೇ ಅವಳ ಬಾಯಿಗೆ ಬೀಗವಾಯಿತು. ಅದಲ್ಲದೆ ಆ ಗಡಿಯಾರ ಬೇರೆ ಕಣ್ಣಿಗೆ ಕಟ್ಟುತ್ತಿತ್ತು. ಮೂವತ್ತೊಂದು ವರ್ಷದ ಜಾಣತನವನ್ನು ಹಾಳು ಚಾಳಿ ಎಂದು ಯಾವ ಬಾಯಿಂದ ಹೇಳುವುದು. ಯುಗಾದಿ ಕಳೆಯಲಿ, ನಿಧಾನವಾಗಿ ಹೇಳೋಣ ಎಂದುಕೊಂಡಳು. ಹೆಚ್ಚೆಂದರೆ ಪೆಟ್ಟಿಗೆ ಮತ್ತೆ ಸುಟ್ಟೀತು, ಮತ್ತೆ ಕಟ್ಟಿದರಾಯಿತು. ಅವಳು ಪೆಟ್ಟಿಗೆಯ ಬಗ್ಗೆ ಯೋಚಿಸಿದಳೇ ಹೊರತು ಮನುಷ್ಯರ ಬಗ್ಗೆ ಯೋಚಿಸಲಿಲ್ಲ.

ಯುಗಾದಿಯ ಮಾರನೇ ದಿನ ಹೇಳಲೆಂದೇ ಫೋನು ಮಾಡಿದಳು. ಕದರಪ್ಪ ಆ ತಾನೇ ಹೋಳಿಗೆ ಉಂಡು ಎದ್ದಿದ್ದ. ದಾಕ್ಷಾಯಣಮ್ಮ ಮೂರನೇ ಹೋಳಿಗೆಗೆ ತುಪ್ಪ ಸುರಿದರೆಂದೂ, ಹಿಂದೆ ಕೂತರೆ ಅವರಿಗೆ ವಾಂತಿ ಬರುತ್ತದೆಂದು ಈಚೆಗೆ ಮುಂದೆಯೇ ಕೂರುತ್ತಾರೆಂದೂ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತ ನಿನ್ನ ಮಗಳಿಗೆ ಯಾವಾಗ ಮದುವೆ ಎಂದು ಕೇಳುತ್ತಾರೆಂದೂ ಹೇಳಿ ನಕ್ಕ. ಅವನು ಹಾಗೆ ನಕ್ಕದ್ದನ್ನು ಕೇಳಿ ವರ್ಷಗಳೇ ಆಗಿದ್ದವು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆಯಿದೆ. ಆಡದೆ ಉಳಿದ ಮಾತಿನ ಬಗ್ಗೆ ಗಾದೆ ಕಟ್ಟಿದವರು ಏನೂ ಹೇಳಿಲ್ಲ. ರಾಧಾಮಣಿ ಫೋನು ಇಟ್ಟಳು.

ಏಪ್ರಿಲ್ ಕೊನೆಯ ವಾರ ದಾಕ್ಷಾಯಣಮ್ಮನವರ ತಂಗಿಯ ಮನೆಯ ಗೃಹಪ್ರವೇಶ ಕೊರಟಗೆರೆಯಲ್ಲಿತ್ತು. ನಂದೀಶ್ವರಯ್ಯನವರು ಬಲಸಮುದ್ರದಲ್ಲಿ ಕೆಲಸವೆಂದು ಹೋಗಿದ್ದರಿಂದ ಕಾರಿನಲ್ಲಿ ದಾಕ್ಷಾಯಣಮ್ಮ, ಕದರಪ್ಪ ಇಬ್ಬರೇ. ಊಟ ಮುಗಿಸಿ ಮಧ್ಯಾಹ್ನ ಮೂರೂವರೆಗೆ ಹಿಂದಿರುಗುವಾಗ ಎಮ್ಮೆಬಂಡೆ ಇಳಿಜಾರು ಬಂತು. ಕದರಪ್ಪನ ಕೈ ತಾನಾಗಿಯೇ ಕೋಲಿಗೆ ಹೋಯಿತು. ಕಾರು ಸದ್ದಿಲ್ಲದೆ ಉರುಳಿತು. ತಿರುವಿನಲ್ಲಿ ಜಲ್ಲಿಪುಡಿ ತುಂಬಿದ ಟ್ರ್ಯಾಕ್ಟರೊಂದು ಕಾಡುದಾರಿಯಿಂದ ರಸ್ತೆಗೆ ಮೂತಿ ಹಾಕಿತು. ನಿಲ್ಲಿಸುವಷ್ಟು ಜಾಗವಿರಲಿಲ್ಲ, ಮುಂದೆ ನುಗ್ಗಿ ತಪ್ಪಿಸಿಕೊಳ್ಳುವಷ್ಟು ಇತ್ತು. ಕದರಪ್ಪ ಆಕ್ಸಿಲರೇಟರ್ ಒತ್ತಿದ. ಇಂಜಿನ್ ಕಿರುಚಿತು, ಕಾರಿನ ವೇಗ ಏರಲಿಲ್ಲ, ನ್ಯೂಟ್ರಲ್‌ನಲ್ಲಿತ್ತಲ್ಲ. ಕಾಲು ತೆಗೆಯದೆಯೇ ಕೋಲನ್ನು ಡ್ರೈವಿಗೆ ತಳ್ಳಿದ. ಮುನ್ನೂರು ಕುದುರೆಗಳೂ ಒಂದೇ ಏಟಿಗೆ ಹಿಂದಿನ ಚಕ್ರಕ್ಕೆ ಬಂದವು. ರಸ್ತೆಯ ಮೇಲೆ ಚೆಲ್ಲಿದ್ದ ಜಲ್ಲಿಪುಡಿಯಲ್ಲಿ ಕಾರು ಬುಗುರಿಯಂತೆ ತಿರುಗಿ, ಹುಣಸೆಮರಕ್ಕೆ ಎಡ ಮಗ್ಗುಲು ಕೊಟ್ಟು ಅಪ್ಪಳಿಸಿತು. ಎಡಗಡೆ ಮುಂದೆ ಕೂತಿದ್ದವರು ದಾಕ್ಷಾಯಣಮ್ಮ. ಮಧುಗಿರಿಯ ಆಸ್ಪತ್ರೆ ಮುಟ್ಟುವ ಮೊದಲೇ ಅವರ ಜೀವ ಹೋಯಿತು.

ರಾಧಾಮಣಿ ಆಸ್ಪತ್ರೆಗೆ ಓಡಿಬಂದಾಗ ಕದರಪ್ಪ ಮುರಿದ ಬಲಗೈಗೆ ಪಟ್ಟಿ ಹಾಕಿಸಿಕೊಂಡು ಬಾಗಿಲ ಬಳಿ ಕೂತಿದ್ದ. ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ಬುಟ್ಕಂಡು ಬರುತ್ತಿದ್ದೆ, ಗೇರು ಹಿಡಿಯಲಿಲ್ಲ, ಹಿಡಿದಾಗ ಒದ್ದುಬಿಟ್ಟಿತು, ಮಗಳು ಮೊದಲೇ ಹೇಳಿದ್ದಳು ಈ ಕಾರಿನ ಗೇರು ತಾನಾಗಿ ಬೀಳುತ್ತದೆಂದು. ಅವನು ಒಂದಕ್ಷರವನ್ನೂ ಮುಚ್ಚಿಡುತ್ತಿರಲಿಲ್ಲ. ಕೇಳುವವರಿಗೆ ಮಾತ್ರ ಅರ್ಧವಷ್ಟೇ ಕೇಳುತ್ತಿತ್ತು. ನಂದೀಶ್ವರಯ್ಯನವರು ಅದನ್ನು ಕೇಳಿ, ಹೆಂಡತಿಯ ಮಣ್ಣು ಮುಗಿಸಿದ ಮಾರನೇ ದಿನವೇ ಮುತ್ತುರಾಜನ ಮೇಲೆ ದೂರು ಕೊಟ್ಟರು. ಅರೆಬರೆ ರಿಪೇರಿ ಮಾಡಿ ಜೀವ ತೆಗೆದ ಎಂದು. ಗ್ಯಾರೇಜಿಗೆ ಬೀಗ ಬಿತ್ತು.

ಬೀಗ ಹಾಕಿದ ಬಾಗಿಲ ಮುಂದೆ ಮುತ್ತುರಾಜ ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿದ.

"ನಾವು ಕಟ್ಟಿದ ಗೇರ್ ಬಾಕ್ಸು ಹಿಂಗೆ ಮಾಡ್ತದಾ, ರಾಧಾ?"

ಅವಳು ಬೀಗವನ್ನೇ ನೋಡಿದಳು. ಅವನು ಸಿಟ್ಟಾಗಲಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ, ಯಾವ ಬೋಲ್ಟು ಬಿಗಿ ಮಾಡದೆ ಬಿಟ್ಟೆನೋ ಎಂಬಂತೆ. ಅದನ್ನು ನೋಡಲಾರದೆ ಅವಳು ಅಲ್ಲಿಂದ ಹೊರಟುಹೋದಳು.

ನಜ್ಜುಗುಜ್ಜಾದ ಕಾರನ್ನು ಮಧುಗಿರಿ ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದರು. ವಿಮೆಯವರ ಕಡೆಯಿಂದ ಸರ್ವೇಯರ್ ನವೀನ್ ಕುಮಾರ್ ಬಂದ. ಆ ಕಾರಿನ ನೆನಪು ಓದುವ ಸ್ಕ್ಯಾನರ್ ಸುತ್ತಮುತ್ತ ಮುತ್ತುರಾಜನ ಗ್ಯಾರೇಜಿನಲ್ಲಿ ಬಿಟ್ಟರೆ ಇರಲಿಲ್ಲ, ಅದನ್ನು ಚೆನ್ನಾಗಿ ಬಲ್ಲವಳು ರಾಧಾಮಣಿ. ಬೀಗ ತೆಗೆಸಿ ಅದನ್ನು ತರಿಸಿದರು, ಅವಳನ್ನೂ ಕರೆಸಿದರು. ಅವಳು ಡ್ರೈವರನ ಮಗಳು ಎಂದು ಯಾರೋ ಹೇಳಿದರು. ತಾನು ಪಕ್ಕದಲ್ಲೇ ನಿಂತಿರುತ್ತೇನೆ, ಕಾಗದದ ಮೇಲೆ ಏನು ಅಚ್ಚಾಗಿ ಬರುತ್ತದೋ ಅದು ಬರಲಿ ಎಂದ ನವೀನ್ ಕುಮಾರ್. ಅಷ್ಟು ಹೇಳಿದವನು ಅಷ್ಟರಲ್ಲೇ ಬಂದ ಫೋನು ಹಿಡಿದು ಗೇಟಿನ ಕಡೆ ಹೋದ.

ರಾಧಾಮಣಿ ಒಬ್ಬಳೇ ಕಾರಿನೊಳಗೆ ಬಗ್ಗಿ, ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದಳು. ಪೆಡಲುಗಳ ಹಿಂದೆ ಏನೋ ಉರುಟಾದದ್ದು ಕೈಗೆ ತಾಗಿತು. ತೆಗೆದು ನೋಡಿದರೆ ನಿಂಬೆಹಣ್ಣು. ಒಣಗಿ, ಸುಕ್ಕಾಗಿ, ಗಟ್ಟಿಯಾಗಿತ್ತು. ದಾಕ್ಷಾಯಣಮ್ಮ ಮೂಸುತ್ತಿದ್ದದ್ದು. ಆ ಹೆಂಗಸು ತನ್ನ ಅಪ್ಪನನ್ನು ಬದುಕಿಸಿದ್ದರು, ಒಂದು ತಟ್ಟೆ ಅನ್ನದಿಂದ. ತಾನು ಅದಕ್ಕೆ ಕೊಟ್ಟದ್ದು ಇದು.

ಪರದೆಯ ಮೇಲೆ ಐದು ನೆನಪುಗಳು ಬಂದವು. ಐದೂ ರಿಪೇರಿಯಾದ ಮೇಲಿನವು. ಕೊನೆಯದು ಆ ಮಧ್ಯಾಹ್ನದ್ದು, ಕೋಲು ನ್ಯೂಟ್ರಲ್‌ನಿಂದ ಡ್ರೈವಿಗೆ, ವೇಗ ಎಂಬತ್ತಮೂರು, ಇಂಜಿನ್ ಐದು ಸಾವಿರದ ಎಂಟುನೂರು. ಅಳಿಸಲೇ ಎಂದು ಯಂತ್ರ ಹಿಂದಿನಂತೆಯೇ ಕೇಳಿತು. ನವೀನ್ ಕುಮಾರ್ ಇನ್ನೂ ಗೇಟಿನ ಬಳಿಯೇ ಇದ್ದ. ಬೆರಳು ಆ ಗುಂಡಿಯ ಮೇಲೆ ಕೂತಿತು. ಒತ್ತಿದರೆ ಅಪ್ಪ ಉಳಿಯುತ್ತಾನೆ, ಉಸ್ತಾದ್ ಹೋಗುತ್ತಾನೆ. ಮುತ್ತುರಾಜ ತನ್ನ ಕೈ ನೋಡಿಕೊಂಡದ್ದು ನೆನಪಾಯಿತು. ಅವಳು ಬೆರಳು ಸರಿಸಿ, ಅಚ್ಚು ಹಾಕುವ ಗುಂಡಿ ಒತ್ತಿದಳು.

ಕಾಗದ ಹಿಡಿದು ಠಾಣೆಯೊಳಗೆ ಹೋದಾಗ ಕದರಪ್ಪನ ಹೇಳಿಕೆ ನಡೆಯುತ್ತಿತ್ತು. ಬರೆದುಕೊಳ್ಳುತ್ತಿದ್ದವರು ಹೆಡ್ ಕಾನ್‌ಸ್ಟೇಬಲ್ ರೇಣುಕಯ್ಯ, ನಿವೃತ್ತಿಗೆ ಹತ್ತಿರವಾದವರು, ದುಂಡಗಿನ ಅಕ್ಷರ. ಬೆಂಚಿನ ಇನ್ನೊಂದು ತುದಿಯಲ್ಲಿ ನಂದೀಶ್ವರಯ್ಯನವರು ಗೋಡೆಗೆ ತಲೆಯಾನಿಸಿ ಕೂತಿದ್ದರು. ಗಡ್ಡ ಬೆಳೆದಿತ್ತು. ಇಳಿಜಾರಿನಲ್ಲಿ ಹೇಗೆ ಬರುತ್ತಿದ್ದೆ ಎಂದು ರೇಣುಕಯ್ಯ ಕೇಳಿದರು. ಬುಟ್ಕಂಡು ಬತ್ತಿದ್ದೆ ಸಾ ಎಂದ ಕದರಪ್ಪ. ವಾಹನವನ್ನು ನಿಧಾನವಾಗಿ ಚಲಾಯಿಸಿಕೊಂಡು ಬರುತ್ತಿದ್ದೆನು ಎಂದು ರೇಣುಕಯ್ಯ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು. ಆ ಮಾತು ಅಪ್ಪನನ್ನು ಎರಡನೇ ಸಲ ಉಳಿಸಿತ್ತು. ಕಾಗದದಲ್ಲಿದ್ದ ಕೋಲಿನ ಲೆಕ್ಕವನ್ನೂ ಗೇರು ತಾನಾಗಿ ಬಿದ್ದದ್ದರ ತಲೆಗೇ ಕಟ್ಟಿ ರಾಧಾಮಣಿ ಸುಮ್ಮನಿದ್ದರೆ ಸಾಕಿತ್ತು.

"ಅವ್ರು ಹೇಳಿದ್ದು ಅದಲ್ಲ ಸಾರ್" ಎಂದಳು. "ಬುಟ್ಕಂಡು ಬರೋದು ಅಂದ್ರೆ ಓಡಿಸ್ಕಂಡು ಬರೋದಲ್ಲ. ನ್ಯೂಟ್ರಲ್ ಹಾಕಿ ಗಾಡಿನ ಹಂಗೇ ಉರುಳಕ್ಕೆ ಬಿಡೋದು."

ರೇಣುಕಯ್ಯನವರ ಪೆನ್ನು ನಿಂತಿತು. ನಂದೀಶ್ವರಯ್ಯನವರು ಗೋಡೆಯಿಂದ ತಲೆ ಎತ್ತಿದರು. ಅವಳು ಕಾಗದವನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದಳು. ಫೆಬ್ರವರಿಯಲ್ಲಿ ಪೆಟ್ಟಿಗೆ ಸುಟ್ಟದ್ದು ಇದರಿಂದಲೇ ಎಂದಳು. ಹನ್ನೊಂದು ನೆನಪುಗಳನ್ನು ತಾನು ಅಳಿಸಿದೆ ಎಂದಳು. ವಾಲ್ವು ಸವೆದದ್ದು ಸುಳ್ಳು, ಗೇರು ತಾನಾಗಿ ಬೀಳುವುದು ಸುಳ್ಳು, ಮುತ್ತುರಾಜನಿಗೂ ಸುಳ್ಳೇ ಹೇಳಿದ್ದೆ, ಅವನು ಕಟ್ಟಿದ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ ಎಂದಳು. ಹೇಳುವಷ್ಟೂ ಹೊತ್ತು ಅಪ್ಪನ ಮುಖ ನೋಡಲಿಲ್ಲ. ನಂದೀಶ್ವರಯ್ಯನವರು ಎದ್ದು ಹೊರಗೆ ಹೋದರು. ಅವರು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಕದರಪ್ಪ ಮೊದಲಿಗೆ ಅರ್ಥವಾಗದವನಂತೆ ಕೂತಿದ್ದ. ಅವನ ಎಡಗೈ ಮೆಲ್ಲಗೆ ಗಾಳಿಯಲ್ಲೇ ಗೇರಿನ ಕೋಲು ಎಳೆದು ನಡುವಿಗೆ ತಂದಿತು, ಮತ್ತೆ ಮುಂದಕ್ಕೆ ತಳ್ಳಿತು, ಅಲ್ಲೇ ನಿಂತಿತು. ಆಮೇಲೆ ಮಗಳ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಅವತ್ತೇ ಹೇಳಿದ್ನಲ್ಲವ್ವ ನಿಂಗೆ" ಎಂದ. "ಟೈರ್ ಮ್ಯಾಲೆ ಕುಂತ್ಕಂಡು ಹೇಳಿದ್ನಲ್ಲ, ಬುಟ್ಕಂಡು ಬತ್ತೀನಿ ಅಂತ. ಬ್ಯಾಡ ಕಣಪ್ಪ ಅಂತ ಒಂದು ಮಾತು ಅಂದಿದ್ರೆ ಬುಟ್‌ಬುಡ್ತಿದ್ದೆ."

ರೇಣುಕಯ್ಯ ಹಿಂದಿನ ಸಾಲಿನ ಮೇಲೆ ಗೆರೆ ಎಳೆದರು. ಪೆನ್ನು ಎತ್ತಿ ಹಿಡಿದು, ಇದನ್ನೂ ಬರ್ಕೋಬೇಕೇನಮ್ಮ ಎಂದು ರಾಧಾಮಣಿಯನ್ನು ಕೇಳಿದರು.

ಬರ್ಕೊಳ್ಳಿ ಸಾರ್ ಎಂದಳು.